ಜಾರಿದ ಕುಣಿಕೆ ಮತ್ತೆ ಕಡ್ಡಿಗೆ

ಸ್ವೆಟರ್ ಹೆಣೆಯಲು ಕಲಿಯುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಕಡ್ಡಿಯಿಂದ ಜಾರುವ ಕುಣಿಕೆಗೆ. ಹತ್ತು ಸಾಲು ಚೆನ್ನಾಗಿಯೇ ಬಂದಿರುತ್ತದೆ. ಹನ್ನೊಂದನೆಯದರ ಮಧ್ಯದಲ್ಲಿ ಒಂದು ಕುಣಿಕೆ ಕಡ್ಡಿ ಬಿಟ್ಟು ಇಳಿಯುತ್ತದೆ, ಅದರ ಬೆನ್ನಿಗೇ ಅದರ ಕೆಳಗಿನದು, ಮತ್ತೆ ಅದರ ಕೆಳಗಿನದು. ನೋಡುನೋಡುತ್ತಲೇ ಹೆಣಿಗೆಯ ನಡುವೆ ಒಂದು ಏಣಿ ಎದ್ದಿರುತ್ತದೆ. ಆಗ ಕೆಲವರು ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಾರೆ. ಇನ್ನು ಕೆಲವರು ಉಂಡೆ, ಕಡ್ಡಿ ಎಲ್ಲವನ್ನೂ ಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕುತ್ತಾರೆ. ಎರಡೂ ಬೇಕಿಲ್ಲ. ಒಂದು ಕ್ರೋಶಾ ಕಡ್ಡಿ ಇದ್ದರೆ ಆ ಏಣಿ ಮುಚ್ಚುವುದು ಎರಡು ನಿಮಿಷದ ಕೆಲಸ.

ಬೆಂಗಳೂರಿನ ಹೊರಮಾವಿನಂಥ ಜಾಗದಲ್ಲಿ ಉಲ್ಲನ್ ಹೆಣಿಗೆ ಯಾರಿಗೆ ಬೇಕು ಎನ್ನುವವರು ಡಿಸೆಂಬರ್ ತಿಂಗಳ ಬೆಳಗಿನ ಜಾವ ಕಲ್ಕೆರೆಯ ಕಡೆಗೊಮ್ಮೆ ನಡೆದು ಬರಬೇಕು. ಮಂಕಿ ಕ್ಯಾಪ್, ಮಫ್ಲರ್, ಮಕ್ಕಳ ತಲೆಗೆ ಉಲ್ಲನ್ ಟೋಪಿ ಎಲ್ಲವೂ ಕಾಣುತ್ತವೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗಿತ್ತು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ ಅದೇ. ಅದೇ 1884ರಲ್ಲೇ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸ್ಥಾಪನೆಯಾಯಿತು. ಮುಂದೆ ಊರಿನವರ ಬಾಯಲ್ಲಿ ಅದು ಬಿನ್ನಿ ಮಿಲ್ ಆಯಿತು. ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿದ ಮೇಲೆ ದೊರೆಸಾನಿಯರ ಮನೆಗಳಿಂದಲೂ ಮಿಷನ್ ಶಾಲೆಗಳ ಹೊಲಿಗೆ ತರಗತಿಗಳಿಂದಲೂ ಕಡ್ಡಿ ಹೆಣಿಗೆ ಊರಿಗೆ ಹರಡಿತು.

ಅದಕ್ಕೂ ಮೊದಲು ಕನ್ನಡ ನಾಡಿಗೆ ಉಣ್ಣೆ ಗೊತ್ತಿರಲಿಲ್ಲವೆಂದಲ್ಲ. ಕುರುಬರ ಕಂಬಳಿ ಬಹಳ ಹಳೆಯದು. ಚಳ್ಳಕೆರೆಯ ಕಂಬಳಿಗೆ ಇಂದಿಗೂ ಹೆಸರಿದೆ. ಆದರೆ ಕಂಬಳಿಯನ್ನು ಮಗ್ಗದಲ್ಲಿ ನೇಯುತ್ತಾರೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಅಲ್ಲಿ ಒಂದು ಎಳೆ ಹರಿದರೆ ಸೂಜಿ ಹಿಡಿದು ರಫೂ ಮಾಡಬೇಕು. ಹೆಣಿಗೆಯಲ್ಲಿ ಹಾಸುಹೊಕ್ಕು ಇಲ್ಲ. ಒಂದೇ ಎಳೆ ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಬಂದು, ಹೀಗೆ ಸಾಲಿನ ಮೇಲೆ ಸಾಲು ಏರುತ್ತದೆ. ಸ್ವೆಟರ್ ಎಳೆದಂತೆ ಹಿಗ್ಗುವುದು ಈ ಕಾರಣಕ್ಕೆ. ತಪ್ಪಿದ ಕಡೆ ಎಳೆ ತುಂಡಾಗದೆ ಬಿಚ್ಚಿಕೊಳ್ಳುವುದೂ ಈ ಕಾರಣಕ್ಕೇ. ಕಲಿಯುವವರಿಗೆ ಇದಕ್ಕಿಂತ ಉದಾರವಾದ ಕೈಕೆಲಸ ಸಿಗುವುದು ಕಷ್ಟ. ಕತ್ತರಿ ತಪ್ಪಿದ ರವಿಕೆ ಬಟ್ಟೆಯನ್ನು ಮತ್ತೆ ಕೂಡಿಸಲಾಗದು. ತಪ್ಪಿದ ಹೆಣಿಗೆಯ ಉಲ್ಲನ್ ಮಾತ್ರ ಒಂದಿಂಚೂ ಹಾಳಾಗದೆ ವಾಪಸ್ ಕೈಗೆ ಬರುತ್ತದೆ.

ಮೊದಲ ಎಡವಟ್ಟು ಆಗುವುದು ಹೆಣಿಗೆಯಲ್ಲಲ್ಲ, ಅಂಗಡಿಯಲ್ಲಿ. ಹೊರಮಾವಿನಿಂದ ಶಿವಾಜಿನಗರದ ಬಸ್ಸು ಹಿಡಿದು ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಸ್ಟ್ರೀಟ್ ಕಡೆ ಹೋದರೆ ಗುಂಡಿ, ಲೇಸು, ನೂಲುಗಳ ನಡುವೆ ಉಲ್ಲನ್ ಉಂಡೆಯೂ ಕಡ್ಡಿಯೂ ಕೇಳಿ ತರಬಹುದು. ನಮ್ಮಲ್ಲಿ ಕಡ್ಡಿಗಳಿಗೆ ಈಗಲೂ ಹಳೆಯ ಇಂಗ್ಲೆಂಡಿನ ನಂಬರ್ ನಡೆಯುತ್ತದೆ. ಈ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ: 8ನೇ ನಂಬರ್ ಎಂದರೆ 4 ಮಿಲಿಮೀಟರ್ ದಪ್ಪ, 10 ಎಂದರೆ 3.25, 12 ಎಂದರೆ 2.75. ಅಮೆರಿಕದ ಲೆಕ್ಕ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ನಂಬರಿನ ಜೊತೆ ದಪ್ಪವೂ ಏರುತ್ತದೆ, ಅವರ 8 ಎಂದರೆ 5 ಮಿಲಿಮೀಟರ್. ಯೂಟ್ಯೂಬ್‌ನಲ್ಲಿ ಅಮೆರಿಕದ ಟೀಚರ್ ‘ಸೈಜ್ 8’ ಎಂದದ್ದನ್ನು ಕೇಳಿ ಇಲ್ಲಿಯ 8ನೇ ನಂಬರ್ ತಂದವರ ಟೋಪಿ ಮಗುವಿನ ತಲೆಗೆ ಹಿಡಿಯುವುದಿಲ್ಲ. ಆದ್ದರಿಂದ ನಂಬರ್ ಬಿಟ್ಟು ಮಿಲಿಮೀಟರ್ ಕೇಳುವುದೇ ಕ್ಷೇಮ.

ಅಂಗಡಿಗಳಲ್ಲಿ ಸಿಗುವ ಪೋನಿ ಕಡ್ಡಿಗಳು ತಯಾರಾಗುವುದು ದೂರದಲ್ಲೇನಲ್ಲ. 1949ರಲ್ಲಿ ಶುರುವಾದ ನೀಡಲ್ ಇಂಡಸ್ಟ್ರೀಸ್‌ನ ಕಾರ್ಖಾನೆ ಇರುವುದು ನೀಲಗಿರಿಯ ಕೇತಿ ಕಣಿವೆಯಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ನಾಡಿನಲ್ಲಿ. ಉಲ್ಲನ್ ಎಂದು ಮಾರುವುದರಲ್ಲಿ ಹೆಚ್ಚಿನದು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಬೆಂಗಳೂರಿನ ಹದವಾದ ಚಳಿಗೆ ಅದು ಸಾಕು, ಒಗೆಯುವುದೂ ಸುಲಭ. ಬಿಸಿ ಇಸ್ತ್ರಿ ಮಾತ್ರ ತಾಗಿಸಬಾರದು. ಒಮ್ಮೆ ಚಪ್ಪಟೆಯಾದ ಅಕ್ರಿಲಿಕ್ ಮತ್ತೆ ಉಬ್ಬುವುದಿಲ್ಲ. ಮೊದಲ ಉಂಡೆ ತಿಳಿ ಬಣ್ಣದ್ದಿರಲಿ. ಕಪ್ಪು, ಕಡುನೀಲಿಯಲ್ಲಿ ಕುಣಿಕೆ ಕಣ್ಣಿಗೇ ಕಾಣದು, ಕಾಣದ ತಪ್ಪನ್ನು ತಿದ್ದುವುದು ಹೇಗೆ?

ಕೈ ಬೇಗ ಕಲಿಯುತ್ತದೆ. ಮಲ್ಲಿಗೆ ದಂಡೆ ಕಟ್ಟಿ ಅಭ್ಯಾಸವಿರುವ ಬೆರಳಿಗಂತೂ ದಾರವನ್ನು ಎಷ್ಟು ಬಿಗಿ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು ಎಂಬುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತಡವಾಗಿ ಕಲಿಯುವುದು ಕಣ್ಣು. ಹೆಣಿಗೆಯಲ್ಲಿರುವುದು ಎರಡೇ ಕುಣಿಕೆ, ನಿಟ್ ಮತ್ತು ಪರ್ಲ್. ನಿಟ್ ಇಂಗ್ಲಿಷಿನ ‘ವಿ’ ಅಕ್ಷರದಂತೆ ನಯವಾಗಿ ಕೂರುತ್ತದೆ, ಪರ್ಲ್ ಅಡ್ಡಕ್ಕೆ ಉಬ್ಬಿಕೊಂಡಿರುತ್ತದೆ. ನಿಜಕ್ಕೂ ಅವು ಎರಡಲ್ಲ: ಈ ಬದಿಯಿಂದ ನಿಟ್ ಆಗಿ ಕಾಣುವುದೇ ಆ ಬದಿಯಿಂದ ಪರ್ಲ್. ಇಷ್ಟು ಅರ್ಥವಾದ ದಿನ ಅರ್ಧ ಭಯ ಹೋಗುತ್ತದೆ. ಅಪಾರ್ಟ್‌ಮೆಂಟಿನ ಬೆಂಚಿನ ಮೇಲೆ ಕೂತು ಪಕ್ಕದ ಫ್ಲ್ಯಾಟಿನ ಅಜ್ಜಿಯಿಂದ ಕಲಿಯುವವರು ತಪ್ಪಾದ ಕೂಡಲೇ ಹೆಣಿಗೆಯನ್ನು ಅಜ್ಜಿಯ ಕೈಗೆ ಕೊಡುತ್ತಾರೆ, ಅಜ್ಜಿ ಕ್ಷಣದಲ್ಲಿ ಸರಿಮಾಡಿ ಹಿಂದಿರುಗಿಸುತ್ತಾರೆ. ಅಜ್ಜಿಗೆ ಪ್ರೀತಿ ಇದೆ, ಆದರೆ ಕಲಿಯುವವರಿಗೆ ಅದರಿಂದ ಏನೂ ಬರಲಿಲ್ಲ. ಅವರ ಪಕ್ಕದಲ್ಲಿ ಕೂತು, ‘ನೀವು ಹೇಳಿ ಅಜ್ಜಿ, ನಾನೇ ಮಾಡ್ತೀನಿ’ ಎನ್ನಬೇಕು.

ಏಣಿಯ ಮಾತಿಗೆ ಬರೋಣ. ಜಾರಿದ್ದು ಕಂಡೊಡನೆ ಹೆಣಿಗೆಯನ್ನು ಎಳೆದಾಡದೆ ಮೇಜಿನ ಮೇಲೆ ಹರಡಬೇಕು, ಕೆಳಗೆ ನಿಂತ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಬೇಕು. ಅಲ್ಲಿಗೆ ಇಳಿತ ನಿಂತಿತು. ‘ವಿ’ ಕಾಣುವ ನಯವಾದ ಬದಿ ಎದುರಿಗಿರಲಿ. ಕ್ರೋಶಾ ಕಡ್ಡಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಅದರ ಹಿಂದೆ ಅಡ್ಡಲಾಗಿರುವ ಎಳೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಕೊಕ್ಕೆಗೆ ಸಿಕ್ಕಿಸಿ ಈಚೆಗೆ ಎಳೆದರೆ ಒಂದು ಮೆಟ್ಟಿಲು ಮುಚ್ಚಿತು. ಹೀಗೇ ಒಂದೊಂದಾಗಿ ಮೇಲೇರಿ ಕೊನೆಯ ಕುಣಿಕೆಯನ್ನು ಎಡಗೈ ಕಡ್ಡಿಗೆ ಏರಿಸಿದರೆ ಮುಗಿಯಿತು. ಎಲ್ಲ ಸಾಲೂ ನಿಟ್ಟೇ ಇರುವ ಗಾರ್ಟರ್ ಹೆಣಿಗೆಯಲ್ಲಾದರೆ ಒಂದು ಮೆಟ್ಟಿಲು ಈ ಬದಿಯಿಂದ, ಮುಂದಿನದು ಹೆಣಿಗೆ ತಿರುಗಿಸಿ ಆ ಬದಿಯಿಂದ. ನಡುವೆ ಎಲ್ಲೋ ನಿಟ್ ಬದಲು ಪರ್ಲ್ ಬಿದ್ದಿದ್ದರೂ ಇದೇ ಮದ್ದು: ಅದರ ನೇರಕ್ಕಿರುವ ಒಂದೇ ಕುಣಿಕೆಯನ್ನು ಬೇಕೆಂದೇ ಜಾರಿಸಿ, ತಪ್ಪಿನ ತನಕ ಇಳಿಸಿ, ಸರಿಯಾಗಿ ಏರಿಸಿಕೊಳ್ಳುವುದು. ಅಕ್ಕಪಕ್ಕದ ಕುಣಿಕೆಗಳು ಅಲುಗುವುದಿಲ್ಲ.

ಇಪ್ಪತ್ತು ಕುಣಿಕೆಯಿಂದ ಶುರು ಮಾಡಿದ ಮಫ್ಲರ್ ಒಂದು ಮೊಳ ಬರುವಷ್ಟರಲ್ಲಿ ಇಪ್ಪತ್ತಾರಾಗಿ ಅಗಲವಾಗುವುದೂ ಸಾಮಾನ್ಯ. ಕಾರಣ ಸಾಲಿನ ಮೊದಲಲ್ಲಿರುತ್ತದೆ. ದಾರವನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲುಗಳೂ ಮೇಲೆದ್ದು ಎರಡು ಕುಣಿಕೆಗಳಂತೆ ಕಾಣುತ್ತವೆ, ಹೊಸಬರು ಎರಡನ್ನೂ ಹೆಣೆದುಬಿಡುತ್ತಾರೆ. ದಾರ ಯಾವಾಗಲೂ ಕಡ್ಡಿಯ ಅಡಿಯಿಂದ ಹಿಂದಕ್ಕೆ ಹೋಗಬೇಕು. ಮೊದಲ ವಾರ ಪ್ರತಿ ಸಾಲಿನ ಕೊನೆಗೆ ಎಣಿಸುವುದು ಬೇಸರದ ಕೆಲಸವೇ, ಆದರೂ ಎಣಿಸಬೇಕು. ಒಂದು ಸಾಲಿನ ಹಿಂದಿನ ತಪ್ಪನ್ನು ಕುಣಿಕೆ ಕುಣಿಕೆಯಾಗಿ ಹಿಂದಕ್ಕೆ ಬಿಚ್ಚಿ ಸರಿಮಾಡಬಹುದು. ಮೂವತ್ತು ಸಾಲಿನ ಹಿಂದಿನದಕ್ಕೆ ಒಂದು ಸಂಜೆಯೇ ಬೇಕು.

ಸಾಲಿನ ನಡುವೆ ಫೋನ್ ಬಂತೆಂದು ಎದ್ದು ಹೋದವರಿಗೆ ಇನ್ನೊಂದು ಬಲೆ ಕಾದಿರುತ್ತದೆ. ತಿರುಗಿ ಬಂದಾಗ ಯಾವ ಕಡ್ಡಿ ಯಾವ ಕೈಗೆ ಎಂಬುದೇ ಮರೆತಿರುತ್ತದೆ. ಬಲಗೈಯವರಿಗಾದರೆ ಉಂಡೆಯ ದಾರ ಯಾವ ಕಡ್ಡಿಯ ಕುಣಿಕೆಯಿಂದ ಇಳಿದಿದೆಯೋ ಅದು ಬಲಗೈಗೆ. ಅದಲುಬದಲಾದರೆ ಒಂದು ಬದಿ ಎತ್ತರವಾಗಿ ನಡುವೆ ತೂತು ಬೀಳುತ್ತದೆ.

ಬಹಳಷ್ಟನ್ನು ಬಿಚ್ಚಲೇಬೇಕಾದ ಸಂದರ್ಭವೂ ಬರುತ್ತದೆ. ಅದಕ್ಕೆ ಮೊದಲೇ ಸಿದ್ಧವಾಗಿರುವ ಉಪಾಯ ಒಂದಿದೆ. ಸರಿಯಾಗಿದೆ ಎಂದು ಖಾತ್ರಿಯಾದ ಸಾಲಿನ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ತೆಳು ನೂಲನ್ನು ಸೂಜಿಯಿಂದ ಪೋಣಿಸಿಡುವುದು. ಹೆಣೆಯುವವರು ಇದನ್ನು ಲೈಫ್‌ಲೈನ್ ಎನ್ನುತ್ತಾರೆ. ಆಮೇಲೆ ಎಷ್ಟು ಬಿಚ್ಚಿದರೂ ಹೆಣಿಗೆ ಆ ನೂಲಿಗೆ ಬಂದು ನಿಲ್ಲುತ್ತದೆ. ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸುವಾಗ ಪ್ರತಿಯೊಂದರ ಬಲಗಾಲು ಕಡ್ಡಿಯ ಮುಂದಿರಬೇಕು. ಎಡಗಾಲು ಮುಂದೆ ಬಂದಿದ್ದರೆ ಗಾಬರಿ ಬೇಡ, ಆ ಕುಣಿಕೆಯನ್ನು ಹಿಂದಿನ ಕಾಲಿನಿಂದ ಹೆಣೆದರೆ ನೆಟ್ಟಗಾಗುತ್ತದೆ. ಪರ್ಲ್ ಹಾಕುವಾಗ ದಾರವನ್ನು ಎದುರು ದಿಕ್ಕಿಗೆ ಸುತ್ತುವ ರೂಢಿ ಇರುವವರ ಹೆಣಿಗೆಯಲ್ಲಿ ಕುಣಿಕೆಗಳು ಸದಾ ಹೀಗೇ ಕೂತಿರುತ್ತವೆ. ಅದು ತಪ್ಪಲ್ಲ, ಇನ್ನೊಂದು ಪದ್ಧತಿ.

ಕೆಲವು ‘ತಪ್ಪು’ಗಳು ಹೆಣೆದವರದ್ದೇ ಅಲ್ಲ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕಿದ ಹೆಣಿಗೆ ಅಂಚಿನಲ್ಲಿ ಸುರುಳಿ ಸುತ್ತಿಕೊಳ್ಳುವುದು ಅದರ ಸ್ವಭಾವ. ಅಂಚಿಗೆ ನಾಲ್ಕು ಕುಣಿಕೆ ಗಾರ್ಟರ್ ಹಾಕಿದರೆ ಮಟ್ಟಸವಾಗುತ್ತದೆ. ಸ್ವೆಟರ್ ಅಳತೆ ತಪ್ಪುವುದಂತೂ ಬರೀ ಗಣಿತ. 10 ಸೆಂಟಿಮೀಟರ್‌ಗೆ 20 ಕುಣಿಕೆ ಎಂದು ವಿನ್ಯಾಸದಲ್ಲಿದ್ದು, ಬಿಗಿ ಕೈಯವರಿಗೆ 22 ಕೂತರೆ, 200 ಕುಣಿಕೆಯ ಸ್ವೆಟರ್ 100 ಸೆಂಟಿಮೀಟರ್ ಸುತ್ತಳತೆಯ ಬದಲು 91ಕ್ಕೆ ನಿಲ್ಲುತ್ತದೆ. ಮೊದಲೇ ಅಂಗೈಯಗಲದ ತುಂಡು ಹೆಣೆದು ಅಳೆಯಿರಿ ಎಂದು ಅನುಭವಿಗಳು ಹೇಳುವುದು ಇದಕ್ಕೇ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಝಿಮ್ಮರ್‌ಮನ್ 1971ರ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕದಲ್ಲಿ ಇಂಥ ಸರಳ ಲೆಕ್ಕವನ್ನು ಸಾಮಾನ್ಯರ ಕೈಗಿಟ್ಟರು. ವಿನ್ಯಾಸಕ್ಕೆ ಕುರುಡಾಗಿ ಜೋತುಬೀಳದೆ ತಮ್ಮ ತಲೆ ಓಡಿಸುವ ಧೈರ್ಯವನ್ನು ಹೆಣೆಯುವವರಿಗೆ ಕೊಟ್ಟವರಲ್ಲಿ ಅವರ ಹೆಸರು ದೊಡ್ಡದು.

ಈ ವರ್ಷ ಶುರು ಮಾಡಬೇಕೆಂದಿರುವವರು 4 ಮಿಲಿಮೀಟರಿನ ಒಂದು ಜೊತೆ ಕಡ್ಡಿ, ತಿಳಿ ಬಣ್ಣದ ಒಂದು ಉಂಡೆ, ಒಂದು ಕ್ರೋಶಾ ಕಡ್ಡಿ ತನ್ನಿ. ಇಪ್ಪತ್ತು ಕುಣಿಕೆ ಹಾಕಿ, ಒಂದು ಸಾಲು ನಿಟ್, ಒಂದು ಸಾಲು ಪರ್ಲ್, ಹೀಗೆ ಮೂವತ್ತು ಸಾಲು ಹೆಣೆಯಿರಿ. ಆಮೇಲೆ ಮಧ್ಯದ ಒಂದು ಕುಣಿಕೆಯನ್ನು ನೀವೇ ಜಾರಿಸಿ, ಹತ್ತು ಸಾಲು ಕೆಳಗಿಳಿಯಲು ಬಿಡಿ, ಮತ್ತೆ ಮೇಲೆ ತನ್ನಿ. ಮಗುವಿನ ಟೋಪಿಯನ್ನು ಅದಾದ ಮೇಲೆ ಶುರು ಮಾಡಿ.