ಹೆರಿಗೆ ಕೊಠಡಿಯಿಂದ ಹಟ್ಟಿಯವರೆಗೆ

ಹಲವು ಆಸ್ಪತ್ರೆಗಳ ನವಜಾತ ಶಿಶು ಆರೈಕೆಯನ್ನು ಸುಧಾರಿಸುವ ಹೊಣೆ ಹೊತ್ತ ನರ್ಸ್‌ಗೆ ತನ್ನದೇ ಎಂಬ ವಾರ್ಡ್ ಇರುವುದಿಲ್ಲ. ಒಂದೊಂದೇ ಹೆರಿಗೆ ಕೊಠಡಿಗೆ ಸರದಿಯಂತೆ ಹೋಗುವುದು, ಅಲ್ಲಿನ ಸ್ಟಾಫ್ ನರ್ಸ್‌ಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುವುದು, ಕೇಸ್ ಶೀಟುಗಳನ್ನು ತಿರುವಿ ನೋಡುವುದು, ಎಲ್ಲಿ ಎಡವುತ್ತಿದ್ದಾರೆ ಎಂದು ಕಂಡುಕೊಂಡು ತಿದ್ದುವುದು ಇವಳ ಕೆಲಸ. ಉತ್ತರ ಕರ್ನಾಟಕದಲ್ಲಿ ಇಂಥವರನ್ನು ನರ್ಸ್ ಮೆಂಟರ್ ಎಂದೇ ಕರೆದರು.

ಈ ಕೆಲಸದ ಅಗತ್ಯ ಕಂಡದ್ದು ಇತ್ತೀಚೆಗೆ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಶೇ 65ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–20ರ ಸಮೀಕ್ಷೆಯಲ್ಲಿ ಅದು ಶೇ 97 ಆಯಿತು. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆತರುವ ಕೆಲಸ ಹೆಚ್ಚುಕಡಿಮೆ ಮುಗಿಯಿತು ಎನ್ನಬೇಕು. ಆದರೂ ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಜೀವಂತ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ ಸುಮಾರು 16 ಒಂದು ತಿಂಗಳು ತುಂಬುವ ಮೊದಲೇ ಸಾಯುತ್ತಿದ್ದವು. 2014ರ ರಾಷ್ಟ್ರೀಯ ನವಜಾತ ಶಿಶು ಕ್ರಿಯಾ ಯೋಜನೆ ಈ ಸಂಖ್ಯೆಯನ್ನು 2030ರೊಳಗೆ ಒಂದಂಕಿಗೆ ಇಳಿಸುವ ಗುರಿ ಇಟ್ಟಿದೆ. ಬಾಗಿಲೊಳಗೆ ಬಂದ ಮೇಲೆ ಏನಾಗುತ್ತದೆ ಎಂಬುದೇ ಈಗಿನ ಪ್ರಶ್ನೆ.

ಐಮಂಗಲದಂಥ ಊರನ್ನು ಇಟ್ಟುಕೊಂಡು ನೋಡಿದರೆ ವ್ಯವಸ್ಥೆಯ ಮೆಟ್ಟಿಲುಗಳು ಸ್ಪಷ್ಟವಾಗುತ್ತವೆ. ಹಿರಿಯೂರು ತಾಲ್ಲೂಕಿನ ಈ ಹೋಬಳಿ ಕೇಂದ್ರ ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ, ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಇದೆ. ಒಂದು ಕಡೆ ಹೋದರೆ ತಾಲ್ಲೂಕು ಆಸ್ಪತ್ರೆ, ಇನ್ನೊಂದು ಕಡೆ ಜಿಲ್ಲಾಸ್ಪತ್ರೆ. 2011ರ ಕೇಂದ್ರ ಮಾರ್ಗಸೂಚಿಯಂತೆ ಹೆರಿಗೆ ಆಗುವ ಪ್ರತಿ ಕಡೆಯೂ ವಾರ್ಮರ್ ಮತ್ತು ಅಂಬು ಬ್ಯಾಗ್ ಇರುವ ನವಜಾತ ಶಿಶು ಆರೈಕೆ ಮೂಲೆ ಇರಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕು ಮಟ್ಟದಲ್ಲಿ ಸ್ವಲ್ಪ ಕಾಯಿಲೆಯ ಕೂಸುಗಳನ್ನು ಸುಧಾರಿಸುವ ಸ್ಥಿರೀಕರಣ ಘಟಕ, ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಎಂದು ಎಲ್ಲರೂ ಕರೆಯುವ ವಿಶೇಷ ಘಟಕ. 1800 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬದೆ ಹುಟ್ಟಿದ ಕೂಸಿಗೆ ಈ ಕೊನೆಯ ಮೆಟ್ಟಿಲೇ ಬೇಕು. ಕಾಗದದ ಮೇಲೆ ಏಣಿ ಗಟ್ಟಿಯಾಗಿದೆ. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹೋಗುವಾಗ ಕೂಸು ಜಾರುವುದೇ ತೊಂದರೆ.

ಮೊದಲ ಜಾರು ಮೊದಲ ನಿಮಿಷದಲ್ಲಿದೆ. ಹುಟ್ಟುವ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರಾಟ ಶುರುವಾಗಲು ಸ್ವಲ್ಪ ನೆರವು ಬೇಕಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ಒಣಬಟ್ಟೆಯಿಂದ ಮೈ ಒರೆಸಿ ಬೆನ್ನು ಉಜ್ಜಿದರೇ ಅಳುತ್ತವೆ. ಅಳದಿದ್ದರೆ ಕುತ್ತಿಗೆ ನೇರ ಮಾಡಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಿಡಿದು, ನಿಮಿಷಕ್ಕೆ 40ರಿಂದ 60 ಸಲ ಅಂಬು ಬ್ಯಾಗ್ ಒತ್ತಬೇಕು. ಎದೆ ಏಳುತ್ತಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ಏಳದಿದ್ದರೆ ಮಾಸ್ಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ತಲೆ ಬಾಗಿದೆ. ಇದಿಷ್ಟೂ ಮೊದಲ ಅರವತ್ತು ಸೆಕೆಂಡಿನಲ್ಲಿ ಶುರುವಾಗಬೇಕು. ವೈದ್ಯರನ್ನು ಕೂಗಿ ಕರೆಯುವಷ್ಟರಲ್ಲಿ ಆ ನಿಮಿಷ ಮುಗಿದಿರುತ್ತದೆ, ಆದ್ದರಿಂದ ಇದು ನರ್ಸ್‌ನ ಕೈಯಲ್ಲೇ ಇರುವ ವಿದ್ಯೆ. ತಿಂಗಳಿಗೆ ಬೆರಳೆಣಿಕೆಯಷ್ಟು ಹೆರಿಗೆ ಆಗುವ ಕೇಂದ್ರದಲ್ಲಿ ಈ ಕೈ ಬೇಗ ಜಡ್ಡುಗಟ್ಟುತ್ತದೆ. ಅದಕ್ಕೇ ಮೆಂಟರ್ ಬಂದಾಗ ಮೊದಲು ನೋಡುವುದು ರಿಜಿಸ್ಟರನ್ನಲ್ಲ. ಅಂಬು ಬ್ಯಾಗ್ ಎಲ್ಲಿದೆ, ಕೂಸಿಗೆ ಸರಿಹೊಂದುವ ಮಾಸ್ಕ್ ಜೊತೆಗಿದೆಯೇ, ಬೀರುವಿನ ಬೀಗದ ಕೈ ರಾತ್ರಿ ಪಾಳಿಯವರ ಬಳಿ ಇದೆಯೇ. ಬೀಗ ಹಾಕಿಟ್ಟ ಉಪಕರಣ ಇದ್ದೂ ಇಲ್ಲದಂತೆಯೇ.

ಬೆಳಗಾವಿಯಲ್ಲಿ ಈ ವಿದ್ಯೆಯ ಫಲ ಅಳೆದು ನೋಡಿದ್ದಾರೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಆಸ್ಪತ್ರೆಗಳ 599 ಹೆರಿಗೆ ಸಿಬ್ಬಂದಿಗೆ ಉಸಿರು ಕೊಡುವ ತರಬೇತಿ ನೀಡಿದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ ನಿರ್ಜೀವ ಜನನ ಶೇ 3.0ರಿಂದ 2.3ಕ್ಕೆ ಇಳಿಯಿತು. ಸತ್ತೇ ಹುಟ್ಟಿತೆಂದು ಬರೆದುಬಿಡುತ್ತಿದ್ದ ಎಷ್ಟೋ ಕೂಸುಗಳು ನಿಜವಾಗಿ ಉಸಿರಿಗಾಗಿ ಕಾಯುತ್ತಿದ್ದವು ಎಂದು ಇದರಿಂದ ಊಹಿಸಬಹುದು. ಆದರೆ ಮೊದಲ ತಿಂಗಳ ಸಾವಿನ ಪ್ರಮಾಣ ಇಳಿಯಲಿಲ್ಲ. ಉಸಿರು ಬಂದ ಕೂಸಿಗೆ ಮುಂದಿನ ಗಂಟೆ, ಮುಂದಿನ ದಿನ, ಮುಂದಿನ ಆಸ್ಪತ್ರೆ ಎಲ್ಲವೂ ಬೇಕು. ಒಂದೇ ವಿದ್ಯೆ ಕಲಿಸಿ ಕೈತೊಳೆದುಕೊಳ್ಳಲಾಗದು.

ಪಟ್ಟಿ ಹಿಡಿದು ಕೆಲಸ ಮಾಡುವ ಕ್ರಮಕ್ಕೂ ಇದೇ ಅನುಭವ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ಪರೀಕ್ಷಿಸಿದಾಗ, ಮಾಡಬೇಕಾದ 29 ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದದ್ದು 25ಕ್ಕೆ ಏರಿತು. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಇದನ್ನೇ ದೊಡ್ಡದಾಗಿ ನಡೆಸಿ 2017ರಲ್ಲಿ ಫಲಿತಾಂಶ ಕೊಟ್ಟರು. ತರಬೇತುದಾರರು ಬರುತ್ತಿದ್ದಾಗ ಕ್ರಮಗಳ ಪಾಲನೆ ಏರಿತು, ಅವರು ಬರುವುದು ನಿಂತ ಮೇಲೆ ಸ್ವಲ್ಪ ಇಳಿಯಿತು, ಸಾವಿನ ಪ್ರಮಾಣ ಮಾತ್ರ ಕದಲಲಿಲ್ಲ. ಇದನ್ನು ಸೋಲು ಎಂದು ಬದಿಗಿಟ್ಟವರೂ ಇದ್ದಾರೆ, ಅದು ಆತುರದ ತೀರ್ಮಾನ. ಹೆರಿಗೆ ಕೊಠಡಿ ಸರಿಹೋದರೂ ಅದರಾಚೆಯ ಮೆಟ್ಟಿಲುಗಳು ಹಾಗೇ ಉಳಿದರೆ ಫಲ ಇಷ್ಟೇ ಎಂಬುದು ಅದರಿಂದ ತಿಳಿಯುವ ವಿಷಯ.

ಕರ್ನಾಟಕದಲ್ಲಿ ಮೆಂಟರ್ ಹುದ್ದೆಯ ಹುಟ್ಟು ಸುಕ್ಷೇಮ ಯೋಜನೆಯಲ್ಲಿ. ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್, ಸೇಂಟ್ ಜಾನ್ಸ್ ಸಂಸ್ಥೆ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸರ್ಕಾರದ ಜೊತೆ ಸೇರಿ ಇದನ್ನು ಉತ್ತರದ ಎಂಟು ಜಿಲ್ಲೆಗಳಲ್ಲಿ ನಡೆಸಿದವು. 2012ರಲ್ಲಿ ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದು, ಅರ್ಧ ಕೇಂದ್ರಗಳಿಗೆ ಮೆಂಟರ್‌ಗಳನ್ನು ಕಳುಹಿಸಿ, ಇನ್ನರ್ಧದ ಜೊತೆ ಹೋಲಿಸಿದರು. 54 ಕೇಂದ್ರಗಳಿಗೆ ಮೆಂಟರ್‌ಗಳು 11 ಮಂದಿ. ಸಿಬ್ಬಂದಿಯನ್ನು ತರಬೇತಿಗೆಂದು ಜಿಲ್ಲಾ ಕೇಂದ್ರಕ್ಕೆ ಕರೆಸಿ ಊಟ ಹಾಕಿ ಕಳುಹಿಸುವ ಹಳೆಯ ಪದ್ಧತಿಯ ಬದಲು ಕಲಿಸುವವರೇ ಕೇಂದ್ರಕ್ಕೆ ಮತ್ತೆ ಮತ್ತೆ ಹೋದರು. ಹೆರಿಗೆಯ ಪ್ರತಿ ಹಂತದಲ್ಲೂ ಏನು ನೋಡಬೇಕು, ಏನು ಮಾಡಬೇಕು ಎಂದು ನೆನಪಿಸುವ ಕೇಸ್ ಶೀಟ್ ರೂಪಿಸಿ ಕೊಟ್ಟರು. ಮೆಂಟರ್‌ಗಳು ಹೋದ ಕೇಂದ್ರಗಳಲ್ಲಿ ತೊಡಕಿನ ಹೆರಿಗೆ ನಿಭಾಯಿಸುವ ಸಿದ್ಧತೆ ಮೇಲಾಗಿತ್ತು.

ಒಬ್ಬ ನರ್ಸ್ ಇನ್ನೊಬ್ಬ ನರ್ಸ್‌ಗೆ ಹೇಳುವುದಕ್ಕೂ ಮೇಲಧಿಕಾರಿ ಹೇಳುವುದಕ್ಕೂ ವ್ಯತ್ಯಾಸ ಇದ್ದೇ ಇದೆ. ತಪಾಸಣೆಗೆ ಬಂದವರ ಮುಂದೆ ರಿಜಿಸ್ಟರ್ ತುಂಬಿರುತ್ತದೆ. ಜೊತೆಯವಳ ಮುಂದೆ ರಾತ್ರಿ ವಾರ್ಮರ್ ಕೆಟ್ಟಿತ್ತು ಎಂಬ ಮಾತು ಹೊರಬರುತ್ತದೆ. 2017ರ ಕೊನೆಯಲ್ಲಿ ಬಂದ ‘ಲಕ್ಷ್ಯ’ ಹೆರಿಗೆ ಕೊಠಡಿಗಳಿಗೆ ಅಂಕ ಕೊಟ್ಟು ಪ್ರಮಾಣಪತ್ರ ನೀಡುವ ಕ್ರಮ ತಂದಿತು, 2021ರ ‘ಮುಸ್ಕಾನ್’ ಅದನ್ನೇ ಮಕ್ಕಳ ವಿಭಾಗಕ್ಕೆ ವಿಸ್ತರಿಸಿತು. ಅಂಕದಿಂದ ಗೋಡೆಗೆ ಬಣ್ಣ ಬರುತ್ತದೆ, ಔಷಧ ಟ್ರೇ ಸಾಲಾಗಿ ಕೂರುತ್ತದೆ. ಅದು ಬೇಡವೆಂದಲ್ಲ. ಅಭ್ಯಾಸ ಬದಲಾಗಲು ಮಾತ್ರ ಪಕ್ಕದಲ್ಲಿ ನಿಲ್ಲುವವರು ಬೇಕು.

ಎರಡನೇ ಜಾರು ಚಳಿ. ಕೂಸಿನ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹುಟ್ಟಿದ ಕೂಡಲೇ ಒದ್ದೆ ಮೈಯಲ್ಲಿ ಬಿಟ್ಟರೆ, ಫ್ಯಾನ್ ತಿರುಗುತ್ತಿದ್ದರೆ, ಮೊದಲ ದಿನವೇ ನೀರು ಎರೆದರೆ ಅದು ಬೇಗ ಇಳಿಯುತ್ತದೆ. ಕಮ್ಮಿ ತೂಕದ ಕೂಸಿನಲ್ಲಿ ಇನ್ನೂ ಬೇಗ. ಇದಕ್ಕೆ ಮದ್ದು ತಾಯಿಯ ಎದೆಯೇ. ಕರೆಂಟ್ ಬೇಡ, ಯಂತ್ರ ಬೇಡ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಕಾಂಗರೂ ತಾಯಿ ಆರೈಕೆಯಲ್ಲಿ ಕೂಸಿಗೆ ಟೋಪಿ, ಕಾಲುಚೀಲ ಹಾಕಿ ಎದೆಗೆ ಎದೆ ತಾಗುವಂತೆ ಬಟ್ಟೆಯಲ್ಲಿ ಕಟ್ಟುತ್ತಾರೆ. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳಲ್ಲಿ ಕಮ್ಮಿ ತೂಕದ ಕೂಸುಗಳ ಮೇಲೆ ನಡೆದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ಶೇ 12. ಕೂಸು ಚೇತರಿಸಿಕೊಂಡ ಮೇಲೆ ಶುರುಮಾಡಿದ ಗುಂಪಿನಲ್ಲಿ ಶೇ 15.7. ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಹಬ್ಬಿಸುವ ಕೆಲಸ ಸರ್ಕಾರದ ಜೊತೆಗೂಡಿ ನಡೆದಿದೆ. ಬಾಣಂತಿ ದಿನವಿಡೀ ಕೂಸನ್ನು ಕಟ್ಟಿಕೊಂಡು ಕೂರಬೇಕಾದರೆ ಅತ್ತೆ, ಗಂಡ, ತಾಯಿ ಸರದಿ ತೆಗೆದುಕೊಳ್ಳಬೇಕು. ಅದನ್ನು ಅವರಿಗೆ ಒಪ್ಪಿಸುವುದೂ ನರ್ಸ್‌ನ ಪಾಲಿಗೇ ಬರುತ್ತದೆ.

ಆಸ್ಪತ್ರೆಗಳ ನಡುವಿನ ದಾರಿ ಮೂರನೆಯದು. ಸಣ್ಣ ಕೇಂದ್ರದಿಂದ 108 ಆಂಬುಲೆನ್ಸ್‌ನಲ್ಲಿ ಹೊರಟ ಕೂಸು ಜಿಲ್ಲಾಸ್ಪತ್ರೆ ತಲುಪುವಾಗ ತಣ್ಣಗಾಗಿದ್ದರೆ, ಹಾಲು ಕುಡಿಯದೆ ಸಕ್ಕರೆ ಅಂಶ ಇಳಿದಿದ್ದರೆ, ಅಷ್ಟು ದೂರ ಒಯ್ದದ್ದರ ಲಾಭ ಅರ್ಧವಾಗುತ್ತದೆ. ಇಲ್ಲಿ ಈ ಆಸ್ಪತ್ರೆಗಳನ್ನು ಒಂದಕ್ಕೊಂದು ಜೋಡಿಸುವ ಸಂಯೋಜಕಿಯೂ ಆದ ಮೆಂಟರ್ ನರ್ಸ್‌ನ ಸಾಧನ ಫೋನ್ ಮತ್ತು ಚೀಟಿ: ಹೊರಡುವ ಮೊದಲು ಎಸ್‌ಎನ್‌ಸಿಯುಗೆ ಕರೆ, ಚೀಟಿಯಲ್ಲಿ ತೂಕ, ಮೈಬಿಸಿ, ಕೊಟ್ಟ ಚುಚ್ಚುಮದ್ದು, ಕೊನೆಯ ಸಲ ಹಾಲು ಕುಡಿದ ಹೊತ್ತು, ಸಾಧ್ಯವಾದರೆ ತಾಯಿಯ ಎದೆಗೆ ಕಟ್ಟಿಯೇ ಪ್ರಯಾಣ. ಬೇಗ ಹೆರಿಗೆಯಾಗುವ ಸೂಚನೆ ಇದ್ದರೆ ಗರ್ಭಿಣಿಯನ್ನೇ ಮೊದಲು ಕಳುಹಿಸುವುದು ಎಲ್ಲಕ್ಕಿಂತ ಒಳ್ಳೆಯದು. ಹೊರಡುವ ಮುಂಚೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬಲಿಯಲು ನೆರವಾಗುತ್ತದೆ. ಕಳುಹಿಸಿದ ಕೂಸು ಬದುಕಿತೇ ಎಂಬ ಸುದ್ದಿ ಕಳುಹಿಸಿದ ಕೇಂದ್ರಕ್ಕೆ ತಿರುಗಿ ಮುಟ್ಟುವುದು ಅಪರೂಪ. ಆ ಸುದ್ದಿ ಮುಟ್ಟದೆ ತಪ್ಪು ತಿಳಿಯುವುದಾದರೂ ಹೇಗೆ? ಹಾಗಾಗಿ ಸಂಯೋಜಕಿ ಎರಡೂ ಕಡೆಯ ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟು ಓದುತ್ತಾಳೆ.

ಮನೆಗೆ ಹೋದ ಮೇಲಿನ ಹೊಣೆ ಆಶಾ ಕಾರ್ಯಕರ್ತೆಯರದು. ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ತೋರಿಸಿಕೊಟ್ಟ ಮನೆ ಆರೈಕೆಯ ಮಾದರಿಯನ್ನು ಸರ್ಕಾರ 2011ರಲ್ಲಿ ದೇಶಕ್ಕೆಲ್ಲ ತಂದಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ. ಚಿತ್ರದುರ್ಗ ಸೀಮೆಯಲ್ಲಿ ಈ ಭೇಟಿಗೆ ಇನ್ನೊಂದು ತೊಡಕಿದೆ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿ ಮತ್ತು ಕೂಸನ್ನು ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ಬಳಿಯ ಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ಕೂಸು ಮಳೆಗಾಳಿಯ ಶೀತಕ್ಕೆ ಸಿಕ್ಕು ತೀರಿಕೊಂಡಿತು. ಹೆಂಗಸರನ್ನು ಹೀಗೆ ಪ್ರತ್ಯೇಕಿಸುವುದನ್ನು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದು ಕರೆದಿದೆ. ಆದರೆ ಪೊಲೀಸರು ಹಟ್ಟಿಗೆ ಬರುವ ಹೊತ್ತಿಗೆ ಕೂಸಿನ ಮೈ ತಣ್ಣಗಾಗಿರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ತಾಯಿ ಎಲ್ಲಿಗೆ ಹೋಗುತ್ತಾಳೆ, ಮನೆಯೊಳಗೆ ಮಲಗುತ್ತಾಳೆಯೇ ಎಂದು ವಿಚಾರಿಸುವುದು, ಇಲ್ಲವೆಂದಾದರೆ ವಾರ್ಡಿನಲ್ಲಿ ಇನ್ನಷ್ಟು ದಿನ ಉಳಿಸಿಕೊಳ್ಳಲು ವೈದ್ಯರನ್ನು ಒಪ್ಪಿಸುವುದು, ಕೂಸಿನ ತೂಕ ಬರೆದ ಚೀಟಿಯನ್ನು ಅದೇ ದಿನ ಆ ಹಟ್ಟಿಯ ಆಶಾಗೆ ಮುಟ್ಟಿಸುವುದು ಯಾವ ಅಂಕಪಟ್ಟಿಯಲ್ಲೂ ಸೇರದ ಕೆಲಸಗಳು. ಈ ಸೀಮೆಯ ಸಂಯೋಜಕಿಯ ದಿನಚರಿಯಲ್ಲಿ ಅವು ಸೇರಲೇಬೇಕು.