ಹಾಲು ಕಂಡು ಓಡಿದ ಬೆಕ್ಕು, ಕಬ್ಬಿನಲ್ಲಿ ಮಲಗಿದ ಮರಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತೇ ಇರುತ್ತದೆ, ಮಕ್ಕಳಿಗೆ ಹೇಳಿಯೂ ಇರುತ್ತೀರಿ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಡಿಸಿದನಂತೆ. ಬೆಕ್ಕು ಸಾಕಲು ಹಾಲು ಬೇಕಲ್ಲ, ಅದಕ್ಕೆ ಒಂದೊಂದು ಹಸುವನ್ನೂ ಕೊಡಿಸಿದ. ಊರವರೆಲ್ಲ ಕರೆದ ಹಾಲನ್ನು ಬೆಕ್ಕಿಗೇ ಸುರಿದು ಕೊಬ್ಬಿಸಿದರು. ರಾಮಕೃಷ್ಣ ಮಾತ್ರ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ ಕೀಳುತ್ತಿತ್ತು. ಹಾಲೆಲ್ಲ ಮನೆಯವರ ಹೊಟ್ಟೆಗೆ ಹೋಯಿತು.

ಬೆಕ್ಕಿನ ಬಾಯಿ ಸುಟ್ಟಿದ್ದು ಕ್ರೂರವೇ, ಅದನ್ನು ಯಾರೂ ಮಾಡಬೇಡಿ. ಆದರೆ ಹಾಲಿನ ಲೆಕ್ಕದಲ್ಲಿ ರಾಮಕೃಷ್ಣನೇ ಸರಿ. ಬೆಕ್ಕಿಗೆ ಹಾಲು ಬೇಕೇ ಬೇಕು ಅನ್ನುವುದು ನಮ್ಮ ನಂಬಿಕೆ, ಅದರ ಹೊಟ್ಟೆ ಹಾಗೆ ಹೇಳುವುದಿಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿಗಳಿಗೆ ಇರುತ್ತದೆ. ತಾಯಿಯ ಮೊಲೆ ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ಬಟ್ಟಲು ತುಂಬ ಹಾಲು ಕುಡಿದ ದೊಡ್ಡ ಬೆಕ್ಕು ಎಷ್ಟೋ ಸಲ ಭೇದಿ ಮಾಡಿಕೊಳ್ಳುತ್ತದೆ. ಹಾಗಾದರೆ ಪಾತ್ರೆಗೆ ಯಾಕೆ ಬಾಯಿ ಹಾಕುತ್ತದೆ? ಹಾಲಿನ ಜಿಡ್ಡಿಗಾಗಿ. ಬೆಕ್ಕಿನ ಜಾತಿಗೆ ಸಿಹಿ ರುಚಿಯೇ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ಜೀನ್ ಬೆಕ್ಕಿನಲ್ಲೂ ಹುಲಿಯಲ್ಲೂ ಕೆಟ್ಟುಹೋಗಿದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ನೀವು ಪಾಯಸ ಇಟ್ಟರೂ ಅದು ಮೂಸುವುದು ತುಪ್ಪವನ್ನೇ.

ಬರೀ ಹಾಲು ಅನ್ನ ಹಾಕಿ ಬೆಕ್ಕು ಸಾಕುವವರು ಇನ್ನೊಂದು ವಿಷಯ ತಿಳಿದಿರಬೇಕು. ಟಾರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಮಾಂಸದಿಂದಲೇ ಸಿಗಬೇಕು. ಬಹಳ ಕಾಲ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಇಲಿ, ಮೀನು ಏನಾದರೂ ಅದರ ಬಾಯಿಗೆ ಬೀಳಬೇಕು. ತಾಯಿ ಸತ್ತ ಮರಿಗೂ ಹಸುವಿನ ಹಾಲು ಸಾಲದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಅಂಥ ಮರಿ ಸಿಕ್ಕರೆ ಪಶುವೈದ್ಯರನ್ನು ಕೇಳಿ.

ಬೆದೆಯ ವಿಷಯದಲ್ಲಿ ನಮಗೆಲ್ಲ ಅರ್ಧ ಡಾಕ್ಟರಷ್ಟು ಅನುಭವ ಇದೆಯಲ್ಲ, ಇದನ್ನು ಕೇಳಿ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಹೋರಿ ಇರಲಿ ಬಿಡಲಿ ಅಂಡ ತಾನಾಗಿ ಬಿಡುಗಡೆ ಆಗುತ್ತದೆ. ಬೆದೆ ತಪ್ಪಿದರೆ ಮೂರು ವಾರದ ಹಾಲು ತಪ್ಪಿದ ಹಾಗೆ ಎಂದು ಲೆಕ್ಕ ಹಾಕುತ್ತೇವೆ. ಹೆಣ್ಣು ಬೆಕ್ಕಿಗೆ ಆ ಚಿಂತೆ ಇಲ್ಲ. ಗಂಡು ಕೂಡಿದ ಮೇಲೆಯೇ ಸಾಮಾನ್ಯವಾಗಿ ಅಂಡ ಬಿಡುಗಡೆ ಆಗುವುದು. ಗಬ್ಬದ ಅವಧಿ ಒಂಬತ್ತು ವಾರ. ಹಸು ಒಂದು ಕರು ಹಾಕುವಷ್ಟರಲ್ಲಿ ಮನೆಯ ಬೆಕ್ಕು ಅಜ್ಜಿಯಾಗಿರಬಹುದು. ಮೈಮೇಲೆ ಕಪ್ಪು, ಕೆಂಚು, ಬಿಳಿ ಮೂರೂ ಬಣ್ಣ ಇದ್ದರೆ ಅದು ಹೆಣ್ಣೆಂದೇ ಹೇಳಿಬಿಡಬಹುದು, ಗಂಡು ಅಪರೂಪಕ್ಕೆ ಅಪರೂಪ.

ಬೆಕ್ಕನ್ನು ನಾವು ಕಾಡಿನಿಂದ ಹಿಡಿದು ತಂದು ಪಳಗಿಸಿದ್ದಲ್ಲ, ಅದೇ ಬಂದಿದ್ದು. ಪಶ್ಚಿಮ ಏಷ್ಯಾದಲ್ಲಿ ಜನ ಧಾನ್ಯ ಬೆಳೆದು ಕೂಡಿಡಲು ಶುರು ಮಾಡಿದಾಗ ಇಲಿ ಬಂತು, ಇಲಿಯ ಹಿಂದೆ ಅಲ್ಲಿನ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದು ಸಿಕ್ಕಿದೆ. ಅದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನು ಹೂತಿದ್ದಾರೆ. ಅಷ್ಟು ಹಳೆಯ ನೆಂಟಸ್ತನ ಇದು.

ಇಲಿ ಹಿಡಿಯುವ ಕೆಲಸಕ್ಕೇ ಇವತ್ತೂ ಕೊಟ್ಟಿಗೆಯಲ್ಲಿ ಬೆಕ್ಕು ಇರುವುದು. ಇಲಿ ಹಿಂಡಿ ತಿನ್ನುವುದಕ್ಕಿಂತ ಹೆಚ್ಚು ಕೆಡಿಸುತ್ತದೆ. ಅದರ ಉಚ್ಚೆಯಿಂದ ಇಲಿಜ್ವರ ದನಕ್ಕೂ ಬರುತ್ತದೆ, ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಸಗಣಿ ಬಾಚುವ ನಮಗೂ ಬರುತ್ತದೆ. ಒಂದು ಮಾತು: ಬೆಕ್ಕೂ ಇಟ್ಟು ಇಲಿ ಪಾಷಾಣವನ್ನೂ ಇಡಬೇಡಿ. ವಿಷ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ.

ಪಶು ಆಹಾರದ ಚೀಲವನ್ನು ಗೋಡೆಗೆ ಒರಗಿಸದೆ ಹಲಗೆಯ ಮೇಲಿಡಿ, ಬಿಡಿಸಿದ ಚೀಲಕ್ಕೆ ಮುಚ್ಚಳದ ಡ್ರಮ್ ಬಳಸಿ. ಇದು ಇಲಿಗಾಗಿ ಮಾತ್ರವಲ್ಲ, ಬೆಕ್ಕಿಗಾಗಿಯೂ ಹೌದು. ಬೂಸಾ, ಒಣಹುಲ್ಲಿನ ಮೇಲೆ ಬೆಕ್ಕು ಹೇಲುವುದುಂಟು. ಅದರಲ್ಲಿ ಟೊಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಮೊಟ್ಟೆಗಳು ಇರಬಹುದು. ಕುರಿ ಮೇಕೆಗಳಲ್ಲಿ ಗರ್ಭಪಾತಕ್ಕೆ ಇದೂ ಒಂದು ಕಾರಣ. ಗರ್ಭಿಣಿಗೆ ಮೊದಲ ಬಾರಿ ಸೋಂಕು ತಗಲಿದರೆ ಹೊಟ್ಟೆಯ ಕೂಸಿಗೆ ಅಪಾಯ. ಮನೆಯಲ್ಲಿ ಸೊಸೆ ಬಸುರಿಯಾಗಿದ್ದರೆ ಬೆಕ್ಕಿನ ಕೊಳೆ ತೆಗೆಯುವ ಕೆಲಸವನ್ನು ಬೇರೆಯವರು ಮಾಡಲಿ, ಕೈತೋಟದ ಮಣ್ಣು ಮುಟ್ಟಿದರೆ ಸೋಪಿನಲ್ಲಿ ಕೈ ತೊಳೆಯಲಿ, ಮಾಂಸ ಚೆನ್ನಾಗಿ ಬೇಯಲಿ, ಹಾಲು ಕಾಯಿಸದೆ ಕುಡಿಯುವುದು ಬೇಡ. ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಈ ಸೂಕ್ಷ್ಮಜೀವಿಯ ಚಾಲಾಕಿತನ ನೋಡಿ: ಅದು ಹೊಕ್ಕ ಇಲಿಗೆ ಬೆಕ್ಕಿನ ವಾಸನೆಯ ಭಯವೇ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಹೋಗುತ್ತದೆ, ಜೀವಿ ಬೆಕ್ಕಿನ ಹೊಟ್ಟೆ ಸೇರುತ್ತದೆ.

ಬೆಕ್ಕು ಪರಚಿದರೆ, ಕಚ್ಚಿದರೆ ಅರಿಸಿನ ಮೆತ್ತಿ ಸುಮ್ಮನಾಗಬೇಡಿ. ನಾಯಿಯಂತೆ ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಶಕುನದ ಬೆಕ್ಕು

ಬೆಕ್ಕು ಅಡ್ಡ ಬಂದರೆ ಎರಡು ಹೆಜ್ಜೆ ಹಿಂದೆ ಹೋಗಿ ನಿಲ್ಲುವವರು ಈಗಲೂ ಇದ್ದಾರೆ. ಕ್ಯಾನು ಹಿಡಿದು ಬೆಳಗಿನ ಜಾವ ಡೇರಿಗೆ ಹೊರಟವರು ಹಾಗೆ ನಿಂತರೆ ಹಾಲು ಹಾಕುವ ಹೊತ್ತು ಮೀರಿಹೋಗುತ್ತದೆ. ಬೆಕ್ಕು ಓಡಾಡುವ ಹೊತ್ತೂ ಅದೇ, ನಾವು ಓಡಾಡುವ ಹೊತ್ತೂ ಅದೇ, ಅಡ್ಡ ಬರದೆ ಏನು ಮಾಡೀತು? ಶ್ರಾದ್ಧದ ಬೆಕ್ಕಿನ ಕತೆಯೂ ನಮ್ಮಲ್ಲಿದೆ. ಮನೆಯ ಬೆಕ್ಕು ಶ್ರಾದ್ಧದ ಅಡಿಗೆಗೆ ಬಾಯಿ ಹಾಕುತ್ತದೆಂದು ಯಜಮಾನ ಅದನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದ. ಅವನ ಕಾಲಾನಂತರ ಮಗ ಶ್ರಾದ್ಧದ ದಿನ ಊರೆಲ್ಲ ಅಲೆದು ಒಂದು ಬೆಕ್ಕು ಹುಡುಕಿ ತಂದು ಬುಟ್ಟಿಯಡಿ ಹಾಕಿದನಂತೆ. ಎಲ್ಲ ಶಕುನಗಳೂ ಹೀಗೇ ಹುಟ್ಟಿದವು ಎನ್ನಲಾರೆ, ಕೆಲವಂತೂ ಹೀಗೆಯೇ.

ಬಂಗಾಳದ ಕಡೆ ಬೆಕ್ಕು ಮಕ್ಕಳನ್ನು ಕಾಯುವ ಷಷ್ಠೀದೇವಿಯ ವಾಹನ. ಅಲ್ಲಿ ಅದಕ್ಕೆ ಹೊಡೆಯುವುದೇ ಪಾಪ. ನಮ್ಮಲ್ಲಿ ಆ ಗೌರವ ಸಿಕ್ಕಿದ್ದು ದೊಡ್ಡ ಬೆಕ್ಕಿಗೆ. ಮಲೆ ಮಹದೇಶ್ವರ ಏರಿದ್ದು ಹುಲಿಯನ್ನು. ತುಳುನಾಡಿನಲ್ಲಿ ಪಿಲಿಚಾಮುಂಡಿಗೆ ಕೋಲ ಕಟ್ಟುತ್ತಾರೆ. ಗೋವಿನ ಹಾಡಿನಲ್ಲಿ ಪುಣ್ಯಕೋಟಿಯ ಸತ್ಯಕ್ಕೆ ಸೋತು ಹುಲಿಯೇ ಪ್ರಾಣ ಬಿಡುತ್ತದೆ. ಹಸು ಕಟ್ಟಿದ ನಾವು ಆ ಹಾಡು ಕೇಳಿ ಅತ್ತಿದ್ದೇವೆ. ಆದರೆ ಕೊಟ್ಟಿಗೆಗೆ ಬರುವ ಚಿರತೆ ಮಾತಿಗೆ ಕಾಯುವುದಿಲ್ಲ.

ಕೊಟ್ಟಿಗೆಯ ಹತ್ತಿರ

2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, 1,879 ಚಿರತೆಗಳಿವೆ. ಹುಲಿ ಹೆಚ್ಚಾಗಿ ಕಾಡಿನ ಅಂಚಿನವರ ಚಿಂತೆ. ಚಿರತೆ ಹಾಗಲ್ಲ. ಕಬ್ಬಿನ ಗದ್ದೆ, ಕುರುಚಲು ಗುಡ್ಡ, ಪಾಳುಬಿದ್ದ ಕ್ವಾರಿ ಎಲ್ಲಿ ಬೇಕಾದರೂ ಬದುಕುತ್ತದೆ. ಅದಕ್ಕೆ ಬೇಕಾದ್ದು ನಾಯಿ, ಮೇಕೆ, ಕರು. ದೊಡ್ಡ ಹಸುವಿಗಿಂತ ಹೊರಗೆ ಕಟ್ಟಿದ ಕರುವಿಗೇ ಕುತ್ತು. ಒಂದು ಹೆಣ್ಣು ಕರು ಹೋದರೆ ಮೂರು ವರ್ಷದ ಮುಂದಿನ ಹಾಲು ಹೋಯಿತು, ಅದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿರತೆ ಮರ ಹತ್ತುವ ಪ್ರಾಣಿ. ಎದೆಮಟ್ಟದ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ. ಗೋಡೆಗೂ ಸೂರಿಗೂ ನಡುವಿನ ಜಾಗಕ್ಕೆ ಗಟ್ಟಿ ತಂತಿ ಜಾಲರಿ ಹಾಕಿಸಿ, ಬಾಗಿಲಿಗೆ ಚಿಲಕ ಇರಲಿ. ಪೂರ್ತಿ ಕೊಟ್ಟಿಗೆಗೆ ಹಾಕಿಸುವ ಶಕ್ತಿ ಇಲ್ಲದಿದ್ದರೆ ಕರುಗಳ ಮೂಲೆಯೊಂದಕ್ಕಾದರೂ ಮೇಲೂ ಸುತ್ತಲೂ ಹಾಕಿಸಿ. ಕೊಟ್ಟಿಗೆ ಸುತ್ತ ಲಂಟಾನ ಬೆಳೆಯಲು ಬಿಡಬೇಡಿ. ಹುಲ್ಲು ಕೊಯ್ಯುವಾಗ ಬಗ್ಗಿ ಕೂತ ಹೆಂಗಸು ಚಿರತೆಗೆ ಚಿಕ್ಕ ಪ್ರಾಣಿಯಂತೆ ಕಾಣಬಹುದು. ಮಸುಕಿನಲ್ಲಿ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಮಾತಾಡುತ್ತಾ ಹೋಗಿ, ನಡುನಡುವೆ ಎದ್ದು ನಿಲ್ಲಿ.

ದನ ಸತ್ತೇ ಹೋದರೆ ಕಳೇಬರವನ್ನು ಎಳೆದು ಹಾಕಬೇಡಿ, ಹೂಳಬೇಡಿ. ಹಾಗೇ ಬಿಟ್ಟು ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ, ಫೋಟೊ ತೆಗೆದಿಡಿ. ವಿಮೆ ಇದ್ದರೆ ಕಿವಿಯೋಲೆ ಕಳೆದುಕೊಳ್ಳಬೇಡಿ. ಕತ್ತಲಾದ ಮೇಲೆ ಅದರ ಹತ್ತಿರ ಹೋಗಬೇಡಿ, ಕೊಂದ ಪ್ರಾಣಿ ತಿನ್ನಲು ಮರಳಿ ಬರುತ್ತದೆ.

ಆ ಹೊತ್ತಿನ ಸಿಟ್ಟು ದೊಡ್ಡದು. ಸಾಲ ತಂದು ಕಟ್ಟಿದ ಹಸು, ಪರಿಹಾರ ಯಾವಾಗಲೋ. ಆ ಸಿಟ್ಟಿನಲ್ಲಿ ಯಾರೋ ಕಳೇಬರಕ್ಕೆ ವಿಷ ಹಾಕೋಣ ಎನ್ನುತ್ತಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಹೀಗೇ ಆಯಿತು. ಹುಲಿ ಕೊಂದ ಹಸುವಿನ ಮೈಗೆ ವಿಷ ಸೇರಿತ್ತು. ಅದನ್ನು ತಿಂದು ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತವು, ಹುಲಿ ಏರಿದ ದೇವರ ಬೆಟ್ಟದಲ್ಲೇ. ಹಸುವಿನ ಕಡೆಯವರು ಬಂಧನಕ್ಕೆ ಒಳಗಾದರು. ಹಸುವೂ ಹೋಯಿತು, ದುಡಿಯುವ ಗಂಡಸರೂ ಜೈಲಿಗೆ ಹೋದರು. ಮನೆಯಲ್ಲಿ ಆ ಮಾತು ಎದ್ದ ದಿನ ಬೇಡ ಎಂದು ಹೇಳಬೇಕಾದವರು ನೀವೇ, ಹೆಚ್ಚಿನ ಮನೆಗಳಲ್ಲಿ ದನದ ಲೆಕ್ಕ ಇಡುವವರೂ ನೀವೇ ತಾನೆ. ಅದೇ ವಿಷಕ್ಕೆ ಊರ ನಾಯಿ, ಹದ್ದು, ಕಾಗೆ ಎಲ್ಲವೂ ಸಾಯುತ್ತವೆ.

ಇನ್ನು ಕಬ್ಬು ಕಡಿಯುವಾಗ ಸಿಗುವ ಮರಿಗಳು. ಎಲ್ಲವೂ ಚಿರತೆಯದ್ದಲ್ಲ. ಮೈ ಮಣ್ಣಿನ ಬಣ್ಣ, ಮಾಸಿದ ಪಟ್ಟೆ, ಕಿವಿ ತುದಿಯಲ್ಲಿ ಸಣ್ಣ ಕೂದಲ ಕುಚ್ಚು ಇದ್ದರೆ ಅದು ಕಾಡುಬೆಕ್ಕು. ನಿಮ್ಮ ಹೊಲದ ಇಲಿಗಳನ್ನು ಸಂಬಳವಿಲ್ಲದೆ ಹಿಡಿಯುವ ಆಳು. ತುಕ್ಕಿನ ಬಣ್ಣದ ಚುಕ್ಕೆಗಳ ಇನ್ನೊಂದು ಪುಟಾಣಿ ಬೆಕ್ಕು ಇದೆ, ಪೂರ್ತಿ ಬೆಳೆದರೂ ಒಂದೂವರೆ ಕಿಲೋ ಆಸುಪಾಸು. ಜಗತ್ತಿನ ಅತಿ ಚಿಕ್ಕ ಬೆಕ್ಕುಗಳಲ್ಲಿ ಒಂದು, ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಎಲ್ಲೂ ಇಲ್ಲ. ಚಿರತೆ ಮರಿ ಎಂದು ಹೆದರಿ ಇದನ್ನೂ ಜನ ಹೊಡೆದು ಹಾಕುತ್ತಾರೆ. ಪುನುಗು ಬೆಕ್ಕಿಗೆ ಹೆಸರು ಮಾತ್ರ ಬೆಕ್ಕಿನದು, ಜಾತಿಯೇ ಬೇರೆ.

ನಿಜವಾದ ಚಿರತೆ ಮರಿಗೆ ಮೈತುಂಬ ಒತ್ತೊತ್ತಾದ ಚುಕ್ಕೆ, ದಪ್ಪ ಪಾದ. ಯಾವುದೇ ಆಗಲಿ, ಎತ್ತಿಕೊಳ್ಳಬೇಡಿ, ಹಾಲು ಕುಡಿಸಬೇಡಿ, ಮಕ್ಕಳು ಸೆಲ್ಫಿ ತೆಗೆಯಲು ಬಿಡಬೇಡಿ. ಮರಿ ಅನಾಥವಲ್ಲ, ತಾಯಿ ಬೇಟೆಗೆ ಹೋಗಿರುತ್ತದೆ. ಕಡಿಯುವುದನ್ನು ನಿಲ್ಲಿಸಿ, ಆಳುಗಳನ್ನು ಹಿಂದಕ್ಕೆ ಕರೆದು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಸಿಕ್ಕ ಜಾಗದಲ್ಲೇ ಮರಿಗಳನ್ನು ಬಿಟ್ಟರೆ ರಾತ್ರಿ ತಾಯಿ ಬಂದು ಒಂದೊಂದಾಗಿ ಕತ್ತು ಕಚ್ಚಿ ಬೇರೆ ಕಡೆಗೆ ಸಾಗಿಸುತ್ತದೆ, ನಿಮ್ಮ ಮನೆಯ ಬೆಕ್ಕು ಅಟ್ಟದಿಂದ ಅಟ್ಟಕ್ಕೆ ಮರಿ ಸಾಗಿಸುವ ಹಾಗೆಯೇ. ಮರಿ ಒಯ್ದುಬಿಟ್ಟರೆ ಅದು ಹುಡುಕುತ್ತಾ ಊರ ಸುತ್ತ ತಿರುಗುತ್ತದೆ, ಅಪಾಯ ಆಗ. ಉಳಿದ ಕಬ್ಬನ್ನು ಮಾರನೇ ದಿನ ಕಡಿಯಬಹುದು.