ಡ್ಯಾಂ ಹತ್ತು ಅಡಿ ಇಳಿದರೆ ಎರಡು ಕಡೆ ನಷ್ಟ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಿಆರ್‌ಪಿ ಡ್ಯಾಂನಲ್ಲಿ ಭದ್ರಾ ನದಿ ಕೆಳಕ್ಕಿಳಿಯುತ್ತಾ ವಿದ್ಯುತ್ ಕೊಡುತ್ತದೆ. ಅದೇ ಜಲಾಶಯದ ನೀರನ್ನು ಭದ್ರಾ ಮೇಲ್ದಂಡೆ ಯೋಜನೆ ಶಾಂತಿಪುರ, ಬೆಟ್ಟತಾವರೆಕೆರೆಗಳ ಪಂಪ್‌ಹೌಸ್‌ಗಳಲ್ಲಿ ಎರಡು ಹಂತವಾಗಿ ಮೇಲೆತ್ತಿ, ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಕಳಿಸುತ್ತದೆ. ಅಲ್ಲಿ ಖರ್ಚಾಗುವುದೂ ವಿದ್ಯುತ್ತೇ.

ಎತ್ತರದಲ್ಲಿ ನಿಂತ ನೀರಿನಲ್ಲಿ ಸ್ಥಿತಿಶಕ್ತಿ ಇರುತ್ತದೆ. ಕೊಳವೆಯಲ್ಲಿ ಧುಮುಕಿದಾಗ ಅದು ಚಲನಶಕ್ತಿಯಾಗಿ ಟರ್ಬೈನನ್ನು ತಿರುಗಿಸುತ್ತದೆ, ಜನರೇಟರಿನಲ್ಲಿ ವಿದ್ಯುತ್ತಾಗುತ್ತದೆ. ಪಂಪ್‌ಹೌಸ್‌ನಲ್ಲಿ ನಡೆಯುವುದು ಇದರ ಉಲ್ಟಾ. ಎರಡು ಕಡೆಯೂ ಒಂದಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಯಾವ ಯಂತ್ರಕ್ಕೂ ಇದರಿಂದ ವಿನಾಯಿತಿ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್ ನೀರು. ಅದು ಒಂದು ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 77,000 ಯೂನಿಟ್. ಬಿಆರ್‌ಪಿ ಡ್ಯಾಂ ತುಂಬುವುದು 186 ಅಡಿಗೆ. ಮಳೆ ಕೈಕೊಟ್ಟು ನೀರು 176ಕ್ಕೇ ನಿಂತಿತು ಎನ್ನೋಣ. ಟರ್ಬೈನಿನ ದಕ್ಷತೆ ಶೇ 88 ಎಂದು ಹಿಡಿದರೂ, ಹರಿದುಹೋಗುವ ಪ್ರತಿ ಟಿಎಂಸಿಗೆ ಎರಡು ಲಕ್ಷ ಯೂನಿಟ್ ಉತ್ಪಾದನೆ ಖೋತಾ. ಅತ್ತ ಪಂಪು ಅದೇ ಹತ್ತು ಅಡಿಯನ್ನು ಹೆಚ್ಚಾಗಿ ಎತ್ತಬೇಕು. ಶೇ 80 ದಕ್ಷತೆಯಲ್ಲಿ ಪ್ರತಿ ಟಿಎಂಸಿಗೆ ಹತ್ತಿರ ಹತ್ತಿರ ಮೂರು ಲಕ್ಷ ಯೂನಿಟ್ ಹೆಚ್ಚುವರಿ ಖರ್ಚು. ಭದ್ರೆಯಿಂದ ಎತ್ತಬೇಕೆಂದಿರುವ 29.9 ಟಿಎಂಸಿಗೆ ಇದನ್ನು ಗುಣಿಸಿದರೆ 88 ಲಕ್ಷ ಯೂನಿಟ್.

ಜಲವಿದ್ಯುತ್ ಕಡಿಮೆಯಾದ ವರ್ಷವೇ ಬೇಡಿಕೆ ಏರುತ್ತದೆ ಎಂಬುದೇ ನನ್ನ ಆತಂಕ. 2023ರಲ್ಲಿ ಮುಂಗಾರು ಸೋತಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು 7 ಗಂಟೆಯಿಂದ 5ಕ್ಕೆ ಇಳಿಯಿತು. ಅಡಿಕೆ ತೋಟದವನಿಗೆ ಆ ಎರಡು ಗಂಟೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ತೋಟಕ್ಕೆ ಡ್ರಿಪ್ ಹರಿಯುವಷ್ಟರಲ್ಲಿ ಸ್ಟಾರ್ಟರ್ ಟ್ರಿಪ್ಪಾಗುತ್ತದೆ, ಉಳಿದರ್ಧ ಮಾರನೆಯ ದಿನಕ್ಕೆ. ಬೋರ್‌ವೆಲ್‌ನ ನೀರೂ ಆಳಕ್ಕೆ ಹೋಗಿರುವುದರಿಂದ ಅದೇ ಒಂದು ಬಿಂದಿಗೆ ನೀರಿಗೆ ಹೆಚ್ಚು ಕರೆಂಟು ಬೇಕು. ಬರ ಬಂದಾಗ ಡ್ಯಾಂ, ಪಂಪ್‌ಹೌಸ್, ಬೋರ್‌ವೆಲ್ ಮೂರೂ ಒಂದೇ ಗ್ರಿಡ್‌ನ ಮೇಲೆ ಒಟ್ಟಿಗೆ ಭಾರ ಹಾಕುತ್ತವೆ. ದಕ್ಷಿಣ ಏಷ್ಯಾದ ಮುಂಗಾರು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಏರುಪೇರಾಗಲಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ವರದಿಯಲ್ಲೇ ಎಚ್ಚರಿಸಿದೆ. ಅಂದರೆ ಇಂಥ ವರ್ಷಗಳು ಮತ್ತೆ ಬರುತ್ತವೆ.

ಚಿತ್ರದುರ್ಗಕ್ಕೆ ನೀರು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಎತ್ತುವುದೆಲ್ಲ ಡ್ಯಾಂ ತುಂಬಿರುವ ತಿಂಗಳುಗಳಲ್ಲೇ ಮುಗಿಯಬೇಕು. ಪಂಪುಗಳು ಸೋಲಾರ್ ಸಿಗುವ ಹಗಲಿನಲ್ಲಿ ಓಡಬೇಕು. ಡ್ಯಾಂ ಯಾವ ಮಟ್ಟಕ್ಕಿಳಿದರೆ ಪಂಪು ನಿಲ್ಲುತ್ತದೆ ಎಂಬುದನ್ನು ಬರ ಬರುವ ಮುಂಚೆಯೇ ನಿಗದಿಮಾಡಿ ಲಕ್ಕವಳ್ಳಿಗೂ ಅಜ್ಜಂಪುರಕ್ಕೂ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿಗೂ ತಿಳಿಸಬೇಕು. ಪತ್ರಿಕೆಗಳಲ್ಲಿ ದಿನಾ ಬರುವ ಡ್ಯಾಂ ಮಟ್ಟದ ಪಕ್ಕದಲ್ಲೇ, ಅಂದು ನೀರೆತ್ತಲು ಎಷ್ಟು ಯೂನಿಟ್ ಖರ್ಚಾಯಿತು ಎಂಬುದೂ ಅಚ್ಚಾಗಬೇಕು.